ಅಕ್ಕ ಬರೆದ ಚೀಟಿಗಳು

ಇದನ್ನು ಪೂರ್ತಿ ಕೇಳಿ, ಅರ್ಧಕ್ಕೇ ಅಕ್ಕನನ್ನು ಬೈಯಬೇಡಿ. ಮೇಲಿನ ಆಪರೇಷನ್ ಕೋಣೆಯಿಂದ ಟ್ರೇ ವಾಪಸ್ ಬಂದಾಗ ಅವಳ ಕೈ ಇನ್ನೂ ಬಿಸಿನೀರಿನ ತೊಟ್ಟಿಯಲ್ಲೇ ಇತ್ತು. ಆಪರೇಷನ್ ಸಾಮಾನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಹಬೆಗೆ ಹಾಕಿ ಮೇಲಕ್ಕೆ ಕಳಿಸುವ ಕೋಣೆ ಅದು, ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ತೊಳೆಯುವ ಕಡೆ ಅಕ್ಕ, ಕಟ್ಟುವ ಮೇಜಿನಲ್ಲಿ ತಂಗಿ. ಹನ್ನೊಂದು ವರ್ಷವಾಗಿತ್ತು.

ಕತ್ತರಿ, ಇಕ್ಕಳ, ಚಿಮುಟ, ಯಾವ ಟ್ರೇಗೆ ಯಾವುದು ಎಷ್ಟು ಎಂದು ತಂಗಿ ಪಟ್ಟಿ ನೋಡದೆಯೇ ಜೋಡಿಸುತ್ತಿದ್ದಳು. ಒಂದು ಚಿಮುಟ ಕಮ್ಮಿಯಿದ್ದರೂ ಟ್ರೇ ಎತ್ತಿದ ಕೈಗೇ ಗೊತ್ತಾಗುತ್ತಿತ್ತು. ಓದು ಮಾತ್ರ ಬೇಡ. ಒಂದು ಹೆಸರು ಓದಿ ಮುಗಿಸುವುದರೊಳಗೆ ಹಣೆ ಬೆವರುತ್ತಿತ್ತು. ಹಾಗಾಗಿ ಗಂಟಿನ ಮೇಲೆ ಅಂಟಿಸುವ ಚೀಟಿಗಳನ್ನು ಊಟದ ಬಿಡುವಿನಲ್ಲಿ ಅಕ್ಕನೇ ಬರೆದು, ಅಂಟಿಸಬೇಕಾದ ಕ್ರಮದಲ್ಲೇ ಜೋಡಿಸಿಡುತ್ತಿದ್ದಳು. ಬಿಸಿ ಅನ್ನ ಅವಳ ಬಾಯಿಗೆ ಬಿದ್ದು ಯಾವ ಕಾಲವಾಯಿತೋ.

ಆ ದಿನ ಫ್ಯಾನಿನ ಗಾಳಿಗೆ ಚೀಟಿಗಳು ಹಾರಿ ಕಲಸಿಹೋದವು. ತಂಗಿ ಯಾರನ್ನೂ ಕೇಳದೆ ಅಂದಾಜಿಗೆ ಅಂಟಿಸಿಬಿಟ್ಟಳು. ಮೇಲೆ ಮೂಳೆ ಆಪರೇಷನ್ನಿನ ಚೀಟಿಯಿದ್ದ ಗಂಟು ಬಿಚ್ಚಿದರೆ ಒಳಗೆ ಕಣ್ಣಿನ ಸಾಮಾನು!

"ರೋಗೀನ ಮಲಗ್ಸಿ ಅರ್ಧ ಗಂಟೆ ಕಾದಿದಾರೆ ಕಣಮ್ಮ!" ಹೆಡ್ ಸಿಸ್ಟರ್ ಟ್ರೇ ಕುಕ್ಕಿದರು. "ಗಮನ ಎಲ್ಲಿರುತ್ತೆ ನಿಂಗೆ? ನಾಳೆಯಿಂದ ನೆಲ ಒರೆಸು, ಹೋಗು."

ತಂಗಿ ಅಕ್ಕನತ್ತ ಒಮ್ಮೆ ನೋಡಿದಳಷ್ಟೇ. ಶಾಲೆಯಲ್ಲಿ 'ಮಂಕುದಿಣ್ಣೆ' ಅನ್ನಿಸಿಕೊಂಡವಳು, ಇಲ್ಲಿ ಯಾರಿಗೂ ಹೇಳಕೂಡದೆಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದಳು.

ಅಕ್ಕನಿಗೆ ಸಾಕಾಗಿತ್ತು. ಸೊಂಟ, ಕಣ್ಣು, ಬೆರಳು ಎಲ್ಲ ಸಾಕೆನ್ನುತ್ತಿದ್ದವು.

"ಸಿಸ್ಟರ್, ಅದು ಉದಾಸೀನ ಅಲ್ಲ. ಅವಳಿಗೆ ಡಿಸ್ಲೆಕ್ಸಿಯಾ. ಅಕ್ಷರ ಹಿಡಿತಕ್ಕೇ ಸಿಗಲ್ಲ, ಹುಟ್ಟಿದಾಗಿಂದ. ನನ್ನ ಮಗಳಿಗೂ ಇದೆ. ಅವಳ ಶಾಲೇಲಿ ಬಿಡಿಸಿ ಹೇಳಿದ್ಮೇಲೇ ನಂಗೂ ಗೊತ್ತಾಗಿದ್ದು, ಇದು ದಡ್ಡತನ ಅಲ್ಲ ಅಂತ. ಚೀಟಿ ಇಷ್ಟು ವರ್ಷ ಬರ್ದಿದ್ದು ನಾನು."

ಹೆಡ್ ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತರು.

"ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ರೇ, ಇಬ್ರೂ ಸೇರ್ಕೊಂಡು! ಮೊದ್ಲೇ ಬಾಯಿ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಆಮೇಲೆ ತಂಗಿಯತ್ತ ತಿರುಗಿ ದನಿ ಇಳಿಸಿದರು. "ಮೂಳೆಗೆ ಹಳದಿ ಟೇಪು, ಕಣ್ಣಿಗೆ ನೀಲಿ. ಟ್ರೇದೊಂದು ಫೋಟೋನೂ ಅಂಟ್ಸೋಣ. ಚೀಟಿ ಇನ್ನೊಬ್ರು ಓದಿ ಹೇಳ್ಲಿ. ಮೇಜು ನಿಂದೇ ಕಣೇ, ಅಳ್ಬೇಡ."

ವಾರದೊಳಗೆ ಟೇಪು ಬಂತು. ಒಂದು ಗಂಟೂ ವಾಪಸ್ ಬರಲಿಲ್ಲ. ಊಟದ ಬಿಡುವಿನಲ್ಲಿ ಅಕ್ಕ ಊಟವನ್ನೇ ಮಾಡಿದಳು, ಒಬ್ಬಳೇ. ತಂಗಿ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ಇನ್ನೂ ಕೋಪಾನೇನೇ?" ಬಸ್ಸಿನಲ್ಲಿ ಅಕ್ಕ ಕೇಳಿದಳು.

"ಕೋಪ ಇಲ್ಲಕ್ಕ. ಈಗ ಎಲ್ರೂ ನನ್ಹತ್ರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡ್ತಾರೆ. ನಾನೇನು ಕಿವುಡೀನಾ?"

ತಂಗಿ ಒಂದು ನಿಲ್ದಾಣ ಮೊದಲೇ ಇಳಿದು, ಬಿಸಿಲಲ್ಲಿ ತಲೆ ತಗ್ಗಿಸಿ ನಡೆದಳು. ಬಸ್ಸು ಅವಳನ್ನು ದಾಟಿ ಹೋಯಿತು.

ಹೇಳಿ, ಅಕ್ಕನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?