ಅಳತೆಗೆ ನಿಂತ ಮನುಷ್ಯ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ನನಗೇ ಗೊತ್ತಾಗುತ್ತಿಲ್ಲ. ಕಲ್ಲಿನ ವಿಷಯವಲ್ಲವೇ, ಆದಷ್ಟು ಹಿಂದಿನಿಂದ ಶುರು ಮಾಡೋಣ ಎಂದು ಮೊದಲು ಹೀಗೆ ಬರೆದೆ:

“ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿದ್ದ ಕಾಲದಲ್ಲಿ, ನೆಲ ಬಿರಿದು ಲಾವಾ ಉಕ್ಕಿತು. ಉಡುಪಿಯಲ್ಲಿ ಆಗ ಯಾರೂ ಇರಲಿಲ್ಲ.”

ಕೊನೆಯ ವಾಕ್ಯ ನನಗೆ ಭಾರೀ ಹಿಡಿಸಿತು. (ಹೋಟೆಲುಗಳೂ ಇರಲಿಲ್ಲ ಎಂದು ಸೇರಿಸುವವನಿದ್ದೆ. ದೇವರು ದೊಡ್ಡವನು, ಸೇರಿಸಲಿಲ್ಲ.) ಅಷ್ಟರಲ್ಲಿ ಕಥೆಯ ಒಳಗಿನಿಂದ ಪ್ರೆಸಿಲ್ಲಾ ಟೀಚರ್ ಕನ್ನಡಕ ಸರಿಮಾಡಿಕೊಂಡು ಮಾತಾಡಿದರು.

“ಎಲ್ಲರೂ ಮಡಗಾಸ್ಕರಿನಿಂದಲೇ ಶುರು ಮಾಡುದು ಮಾರಾಯ್ರೆ. ಅದು ಮಲ್ಪೆಯ ದ್ವೀಪದ ಕಲ್ಲಿನ ಕಥೆ. ನನಗೀಗ ತಲೆಬಿಸಿ ಆಗಿರುದು ಕಾರ್ಕಳದ ಕಲ್ಲಿಂದು. ಅದರ ವಯಸ್ಸು ಎಷ್ಟೂಂತ ಯಾರೂ ನೋಡಲಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.”

ಹಾಕುವುದಿಲ್ಲ. ಅಳಿಸಿದ್ದೇನೆ. ಎಂಟೂಮುಕ್ಕಾಲು ಕೋಟಿ ವರ್ಷ ಹೋಯಿತು.

೧ (ಮತ್ತೊಮ್ಮೆ)

ಪ್ರೆಸಿಲ್ಲಾ ಟೀಚರ್ ಎಂದರೆ ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮದುವೆ ಆಗಲಿಲ್ಲ. ಬನ್ನಂಜೆಯಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು. ಉಳಿದವರು ಬಾಲ್ಕನಿಯಲ್ಲಿ ಗುಲಾಬಿ ಇಡುತ್ತಾರೆ, ಇವರು ಕಲ್ಲು ಇಟ್ಟಿದ್ದಾರೆ. ಊಟದ ಮೇಜಿನ ಮೇಲೆ ಉಡುಪಿ, ಕಾಪು, ಕಾರ್ಕಳ ಸೇರಿದ ದೊಡ್ಡ ನಕ್ಷೆ ಹರಡಿದೆ. ಹಿಂದೊಮ್ಮೆ ನೆಲದಡಿಯಿಂದ ಲಾವಾ ಬಂದು ತಣಿದ ಕಡೆಯಲ್ಲೆಲ್ಲ ಕೆಂಪು ಪೆನ್ಸಿಲಿನ ಬಣ್ಣ. ಮೇಜಿನ ತುಂಬ ನಕ್ಷೆ ಇರುವುದರಿಂದ ಟೀಚರ್ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತುಕೊಂಡೇ ಉಣ್ಣುತ್ತಾರೆ. ಮನೆಗೆ ಯಾರೂ ಬರುವುದಿಲ್ಲ, ಹಾಗಾಗಿ ಮೇಜು ಖಾಲಿ ಮಾಡುವ ಪ್ರಸಂಗವೂ ಬಂದಿಲ್ಲ.

ನಕ್ಷೆ ಮಣಿಪಾಲದಲ್ಲಿ ಅಚ್ಚಾಗುತ್ತಿದೆ. ಅದನ್ನು ನೋಡಿಕೊಳ್ಳುವ ಮೋಕ್ಷಾ ಎಂಬ ಹುಡುಗಿ ಬೆಳಿಗ್ಗೆ ಫೋನ್ ಮಾಡಿದಳು.

“ಮೇಡಂ, ಎಲ್ಲ ಓಕೆ. ಕಾರ್ಕಳದ ಕ್ವಾರಿಯ ಡೈಕ್‌ಗೆ ಮಾತ್ರ ಅಗಲ ಬರೆದಿಲ್ಲ ನೀವು. ನಕ್ಷೆಯ ಜೊತೆಗಿನ ಫೋಟೋದಲ್ಲಿ ಒಬ್ಬರು ಸ್ಕೇಲ್‌ಗೆ ನಿಂತಿದ್ದಾರಲ್ಲ, ಅವರ ಹೈಟ್ ಹೇಳಿದ್ರೆ ನಾನೇ ಲೆಕ್ಕ ಹಾಕ್ತೇನೆ. ಹೈಟ್ ಎಷ್ಟು?”

ಟೀಚರಿಗೆ ಗೊತ್ತಿರಲಿಲ್ಲ. ಆ ಮನುಷ್ಯ ವರ್ಷಗಟ್ಟಲೆ ಭಾನುವಾರ ಭಾನುವಾರ ಅವರ ಕಲ್ಲುಗಳ ಪಕ್ಕ ನಿಂತಿದ್ದಾರೆ. ನಿಮ್ಮ ಎತ್ತರ ಎಷ್ಟು ಎಂದು ಇವರು ಒಂದು ದಿನವೂ ಕೇಳಿಲ್ಲ.

೨

ಓದುಗರೇ, ಇಲ್ಲಿ ಸ್ವಲ್ಪ ಪಾಠ ಮಾಡಬೇಕು. ಆಕಳಿಸಬೇಡಿ, ಬೇಗ ಮುಗಿಸುತ್ತೇನೆ.

ಹಳೆಯ ಬಂಡೆಯ ಬಿರುಕಿಗೆ ಕೆಳಗಿನಿಂದ ಶಿಲಾರಸ ನುಗ್ಗಿ ಅಲ್ಲೇ ಗಟ್ಟಿಯಾದರೆ ಅದು ಡೈಕ್. ಬೂದುಬಣ್ಣದ ಶಿಲೆಕಲ್ಲಿನ ನಡುವೆ ಕಪ್ಪು ಪಟ್ಟಿ ಎಳೆದಂತೆ ಕಾಣುತ್ತದೆ. ಅದರ ಫೋಟೋ ತೆಗೆಯುವಾಗ ಪಕ್ಕದಲ್ಲಿ ಗೊತ್ತಿರುವ ಅಳತೆಯ ವಸ್ತು ಒಂದನ್ನು ಇಡುವುದು ಕ್ರಮ. ಇಲ್ಲದಿದ್ದರೆ ಕಲ್ಲು ಅಂಗೈಯಷ್ಟೋ ಬೆಟ್ಟದಷ್ಟೋ ತಿಳಿಯುವುದಿಲ್ಲ. ಸಣ್ಣದಕ್ಕೆ ಪೆನ್ನು, ಅದಕ್ಕಿಂತ ದೊಡ್ಡದಕ್ಕೆ ಸುತ್ತಿಗೆ, ತೀರಾ ದೊಡ್ಡದಕ್ಕೆ ಮನುಷ್ಯ.

ಟೀಚರಿಗೆ ಒದಗಿದ ಮನುಷ್ಯ ಉಮಾನಾಥ. ಕಾಪುವಿನವರು, ಬೇರೆ ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಡಿಗ್ರಿ ಪೇಪರ್ ವ್ಯಾಲ್ಯುವೇಶನ್ನಿನ ಕ್ಯಾಂಟೀನಿನಲ್ಲಿ ಪರಿಚಯ. ಕಲ್ಲಿನಲ್ಲಿ ಅವರಿಗೆ ಕಾಸಿನಷ್ಟೂ ಆಸಕ್ತಿ ಇರಲಿಲ್ಲ. ಸ್ಕೂಟರ್ ಇತ್ತು. ಭಾನುವಾರ ಟೀಚರ್ ಚರ್ಚಿನ ಮೊದಲ ಪೂಜೆ ಮುಗಿಸಿ ಬರುವಾಗ ಅವರು ಇಗರ್ಜಿಯ ಗೇಟಿನಲ್ಲಲ್ಲ, ಸ್ವಲ್ಪ ಆಚೆ ಸೈಕಲ್ ಶಾಪಿನ ಎದುರು ಕಾಯುತ್ತಿದ್ದರು. ಯಾಕೆ ಅಷ್ಟು ದೂರ ಎಂದು ಇಬ್ಬರೂ ಮಾತಾಡಿದ್ದಿಲ್ಲ. ನಮ್ಮ ಊರು ನಿಮಗೆ ಗೊತ್ತುಂಟಲ್ಲ.

ಕಲ್ಲಿನ ಮುಂದೆ ನಿಲ್ಲುವ ಮೊದಲು ಉಮಾನಾಥರು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು. “ಸರ್, ಫೋಟೋದಲ್ಲಿ ನೀವು ಬೆರಳಿನಷ್ಟು ಕಾಣುದು, ತಲೆ ಯಾರು ನೋಡ್ತಾರೆ?” ಎಂದು ಟೀಚರ್ ನಗುತ್ತಿದ್ದರು. “ಬೆರಳಿನಷ್ಟಾದರೂ ನೀಟಾಗಿ ಇರಬೇಕಲ್ಲ ಟೀಚರ್,” ಎಂದು ಅವರು. ಆಮೇಲೆ ಟೀಚರ್ ಕ್ಯಾಮರಾ ಎತ್ತಿ, “ಹಾಗೇ ನಿಲ್ಲಿ ಸರ್, ಅಲ್ಲಾಡಬೇಡಿ,” ಎಂದರೆ ಉಮಾನಾಥರು ಉಸಿರು ಬಿಗಿಹಿಡಿದು ನಿಲ್ಲುವರು.

(ಅವರಿಬ್ಬರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಟೀಚರ ಮನೆಮಾತು ಕೊಂಕಣಿ. ನಾನು ಬರೆಯುತ್ತಿರುವುದು ಕನ್ನಡ. ದಾರಿಯಲ್ಲಿ ಏನೇನು ಚೆಲ್ಲಿಹೋಗುತ್ತಿದೆಯೋ, ನನ್ನನ್ನು ಕೇಳಬೇಡಿ.)

೩

ಕಾರ್ಕಳದ ಆ ಕ್ವಾರಿಗೆ ಹೋದ ದಿನ ತಳದಲ್ಲಿ ಕೆಸರಿತ್ತು. ಉಮಾನಾಥರು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿ ಡೈಕಿನ ಪಕ್ಕ ನಿಂತರು. ಟೇಪು ಬನ್ನಂಜೆಯಲ್ಲೇ ಉಳಿದುಹೋಗಿತ್ತು. “ಮುಂದಿನ ಭಾನುವಾರ ತರೋಣ, ಸರಿಯಾಗಿ ಅಳೆಯೋಣ,” ಎಂದರು ಟೀಚರ್.

ವಾಪಸು ಬರುವಾಗ ಬೇಕರಿಯಲ್ಲಿ ಚಹಾ ಕುಡಿಯುತ್ತ ಟೀಚರ್ ಬ್ಯಾಗಿನಿಂದ ಹೊಸ ಪತ್ರಿಕೆಯೊಂದನ್ನು ತೆಗೆದು ಕೊಟ್ಟರು. ಟೀಚರ ಮೊದಲ ದೊಡ್ಡ ಲೇಖನ ಅದರಲ್ಲಿತ್ತು, ಉಮಾನಾಥರ ಫೋಟೋ ಕೂಡ: ಮಲ್ಪೆಯ ದ್ವೀಪದ ಕಂಬಗಲ್ಲುಗಳ ಮುಂದೆ, ತಲೆ ಬಾಚಿಕೊಂಡು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಉಮಾನಾಥರು ಗಟ್ಟಿಯಾಗಿ ಓದಿದರು.

“ಪರ್ಸನ್ ಫಾರ್ ಸ್ಕೇಲ್.” ಅಳತೆಗೆ ಮನುಷ್ಯ, ಅಷ್ಟೇ; ಹೆಸರಿರಲಿಲ್ಲ. ಆಮೇಲೆ ಕೇಳಿದರು, “ಇದು ನಾನಲ್ವಾ?”

“ಹೌದು ಸರ್, ನೀವೇ!” ಟೀಚರಿಗೆ ಖುಷಿಯೋ ಖುಷಿ.

ಉಮಾನಾಥರು ನಕ್ಕರು. ಚಹಾದ ದುಡ್ಡು ಅವರೇ ಕೊಟ್ಟರು. ಶನಿವಾರ ಮೆಸೇಜು ಬಂತು: “ಕಾಲು ನೋವು. ನಾಳೆ ಬರ್ಲಿಕ್ಕೆ ಆಗುದಿಲ್ಲ.” ಟೀಚರ್ ಉತ್ತರ ಕಳಿಸಿದರು: “ಆಯ್ತು ಸರ್. ರೆಸ್ಟ್ ತಗೊಳ್ಳಿ.”

ಅಷ್ಟೇ. ಎಂಟೊಂಬತ್ತು ವರ್ಷ ಆಯಿತು.

ನೋವು ನಿಜವೇ, ಆ ಸಾಲಿಗೆ ಬೇಜಾರೇ ಎಂದು ನೀವು ನನ್ನನ್ನು ಕೇಳುತ್ತೀರಿ. ನಾನು ಈ ಕಥೆಯಲ್ಲಿ ಪ್ರೆಸಿಲ್ಲಾ ಟೀಚರ ಪಕ್ಕ ಕೂತವನು. ಉಮಾನಾಥರ ತಲೆಯೊಳಗೆ ನನಗೆ ಪ್ರವೇಶವಿಲ್ಲ. ಟೀಚರಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ. ಅದರ ಮುಂದಿನ ಭಾನುವಾರ ಟೀಚರ್ ಸೈಕಲ್ ಶಾಪಿನವರೆಗೆ ಹೋಗಿ, ಪಂಪು ಹಾಕುವವನನ್ನು ನೋಡುತ್ತ ನಿಂತು, ನಡೆದೇ ಮನೆಗೆ ಬಂದರು ಎಂಬುದು ಮಾತ್ರ ಗೊತ್ತು. ತಾನಾಗಿ ಫೋನ್ ಮಾಡಿದರೆ ಸ್ಕೂಟರಿಗಾಗಿ ಮಾಡಿದಂತೆ ಆಗುತ್ತದೆ ಎಂಬ ಸಂಕೋಚ. ತಡವಾದಷ್ಟೂ ಆ ಸಂಕೋಚ ದಪ್ಪವಾಯಿತು. ಕ್ವಾರಿ ಮುಚ್ಚಿತು, ನೀರು ತುಂಬಿತು, ಬೇಲಿ ಬಂತು. ಡೈಕ್ ಈಗ ನೀರಿನಡಿಯಲ್ಲಿದೆ. ಹೊರಗೆ ಉಳಿದದ್ದು ಆ ಫೋಟೋ ಒಂದೇ.

“ಆ ಸಾಲಿನಲ್ಲಿ ನನ್ನ ತಪ್ಪೆಂತ?” ಎಂದು ಟೀಚರ್ ನನ್ನ ಮೇಲೆ ರೇಗಿದರು. “ಎಲ್ಲರೂ ಹಾಗೇ ಬರೆಯುದು. ಸುತ್ತಿಗೆ ಇಟ್ಟರೆ ‘ಅಳತೆಗೆ ಸುತ್ತಿಗೆ’ ಅಂತ ಬರೀತೇವೆ. ಸುತ್ತಿಗೆಯ ಹೆಸರು ಬರೀತೇವಾ?”

ಅಷ್ಟರಲ್ಲಿ ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದಿತ್ತು.

೪ (ಹರಿದುಹಾಕಿದ ಪುಟಗಳು)

ನಾನು ಸುಲಭದ ದಾರಿ ತೋರಿಸಿದೆ. “ಐದಡಿ ಆರಿಂಚು ಅಂತ ಹಾಕಿಬಿಡಿ ಟೀಚರ್. ಸರಾಸರಿ.”

“ಸರಾಸರಿ ಮನುಷ್ಯ ಅಲ್ಲಿ ನಿಂತಿರಲಿಲ್ಲ,” ಎಂದರು.

ಸರಿ, ಫೋನ್ ಮಾಡಿಸೋಣ ಎಂದುಕೊಂಡೆ. ಅವರು ನಂಬರು ತೆಗೆದರು, ನೋಡಿದರು, ಫೋನನ್ನು ನಕ್ಷೆಯ ಮೇಲೆ ಕವುಚಿ ಇಟ್ಟರು. ಇಷ್ಟು ವರ್ಷದ ಮೇಲೆ ಫೋನ್ ಮಾಡಿ ‘ನಿಮ್ಮ ಹೈಟ್ ಎಷ್ಟು’ ಎಂದು ಯಾವ ಬಾಯಲ್ಲಿ ಕೇಳುವುದು?

ಆಗ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಟೀಚರನ್ನು ಕಾಪುವಿಗೆ ಕರೆದುಕೊಂಡು ಹೋಗಿ, ಉಮಾನಾಥರ ಮನೆಯ ಗೋಡೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿಸಿದೆ. ಕಣ್ಣೀರು ಗ್ಯಾರಂಟಿ, ಸಂಪಾದಕರಿಗೂ ಇಷ್ಟವಾಗುತ್ತದೆ. ಟೀಚರ್ ಹೊಸ್ತಿಲಲ್ಲೇ ನಿಂತರು, ನನ್ನ ಕಡೆ ತಿರುಗಿದರು, ಒಂದೇ ಮಾತು ಹೇಳಿದರು.

“ಅಳಿಸಿ.”

ಅಳಿಸಿದೆ.

ಇನ್ನೊಂದು ಮಾಡಿದೆ: ಸೂರ್ಯಾಸ್ತ, ದೀಪಸ್ತಂಭ, ಮರಳಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು. ಟೀಚರ್ ಈ ಸಲ ನಕ್ಕುಬಿಟ್ಟರು. “ಭಾನುವಾರ ಸಂಜೆ ಕಾಪು ಬೀಚಿನಲ್ಲಿ ಎಷ್ಟು ಜನ ಇರ್ತಾರೆ ಗೊತ್ತುಂಟಾ ನಿಮಗೆ? ಅರ್ಧದಷ್ಟು ನನ್ನ ಸ್ಟೂಡೆಂಟ್ಸು.”

ಆದರೂ ಹೋಗುತ್ತೇನೆ ಎಂದರು. ಅದು ನನ್ನ ಯೋಜನೆಯಲ್ಲ, ಅವರದ್ದೇ. ಈ ಸಲ ಟೇಪನ್ನು ಎಲ್ಲಕ್ಕಿಂತ ಮೊದಲು ಬ್ಯಾಗಿಗೆ ಹಾಕಿಕೊಂಡರು.

೫

ಭಾನುವಾರ ಪೂಜೆ ಮುಗಿಸಿ ಟೀಚರ್ ಮಂಗಳೂರು ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದ ರಸ್ತೆ ಇದೇ. ಆಗ ಕಾಣುತ್ತಿದ್ದದ್ದು ಒಂದು ಬೆನ್ನು ಮತ್ತು ಶರ್ಟಿನ ಕಾಲರು ಮಾತ್ರ, ಈಗ ಊರೆಲ್ಲ ಕಾಣುತ್ತದೆ. ಪಕ್ಕದ ಸೀಟಿನಲ್ಲಿ ಅವರ ಬ್ಯಾಗು ಕೂತಿತ್ತು.

ಕಾಪುವಿನಲ್ಲಿ ಬಾಗಿಲು ತೆರೆದವರು ಉಮಾನಾಥರ ತಂಗಿ ಸುಗಂಧಿ. “ಕಲ್ಲಿನ ಟೀಚರ್ ಅಲ್ವಾ?” ಎಂದರು, ಗುರುತು ಹೇಳುವ ಮೊದಲೇ. “ಅಣ್ಣ ದೀಪಸ್ತಂಭದ ಹತ್ತಿರ ಹೋಗಿದ್ದಾರೆ. ಭಾನುವಾರ ಬೆಳಿಗ್ಗೆ ಅವರು ಮನೆಯಲ್ಲಿ ಕೂರುದೇ ಇಲ್ಲ. ನಿಮಗೆ ಗೊತ್ತುಂಟಲ್ಲ.”

ಟೀಚರಿಗೆ ಗೊತ್ತಿರಲಿಲ್ಲ. ಹೌದು ಎಂದು ತಲೆಯಾಡಿಸಿದರು.

ದೀಪಸ್ತಂಭ ನಿಂತ ಬಂಡೆಯ ಬುಡದಲ್ಲಿ, ಐಸ್‌ಕ್ಯಾಂಡಿ ಗಾಡಿಯಿಂದ ಸ್ವಲ್ಪ ಆಚೆ, ಉಮಾನಾಥರು ನಿಂತಿದ್ದರು. ಬೆನ್ನು ಬಾಗಿತ್ತು. ಪಕ್ಕದ ಬಂಡೆ ಎಷ್ಟು ಎತ್ತರವೆಂದು ಟೀಚರಿಗೆ ಕರಾರುವಾಕ್ಕಾಗಿ ಗೊತ್ತು. ಅದನ್ನು ನೋಡಿದ ಮೇಲೆಯೇ ಆ ಮನುಷ್ಯ ಎಷ್ಟು ಕುಗ್ಗಿಹೋಗಿದ್ದಾರೆ ಎಂದು ಅವರಿಗೆ ತಿಳಿದದ್ದು. ಬ್ಯಾಗನ್ನು ಹೆಗಲಿಗೇರಿಸಿ ಹತ್ತಿರ ಹೋದರು.

“ಟೀಚರ್!” ಎಂದರು ಉಮಾನಾಥರು. “ನೀವೆಂತ ಇಲ್ಲಿ?”

“ನಕ್ಷೆ ಪ್ರಿಂಟಿಗೆ ಹೋಗ್ತಾ ಉಂಟು ಸರ್. ಕಾರ್ಕಳದ್ದೊಂದು ಬಾಕಿ. ನಿಮ್ಮ ಎತ್ತರ ಬೇಕಿತ್ತು.”

ಎಂಥ ಮಾತು! ಇಷ್ಟು ವರ್ಷಗಳಾದ ಮೇಲೆ ಮೊದಲ ಮಾತು ಇದು. ನಾನು ಎಷ್ಟು ಒಳ್ಳೆಯ ಸಂಭಾಷಣೆ ಬರೆದಿಟ್ಟಿದ್ದೆ, ಒಂದನ್ನೂ ಬಳಸಲಿಲ್ಲ.

ಉಮಾನಾಥರು ಕೇಳಿದರು, “ಆಗಿನ ಎತ್ತರವಾ ಟೀಚರ್, ಈಗಿನದ್ದಾ?”

“ಆಗಿನದ್ದು.”

“ಆಗಿನದ್ದು ಎಲ್ಲಿ ಸಿಗ್ತದೆ ಮಾರಾಯ್ರೆ?”

“ಸಿಗ್ತದೆ. ವಯಸ್ಸಾದ ಹಾಗೆ ಬೆನ್ನು ಕುಗ್ಗುದು ಸರ್, ಕಾಲಿನ ಎಲುಬು ಕುಗ್ಗುದಿಲ್ಲ. ಹಿಮ್ಮಡಿಯಿಂದ ಮಂಡಿಯವರೆಗೆ ಅಳತೆ ಕೊಟ್ಟರೆ ಸಾಕು. ಫೋಟೋದಲ್ಲಿ ನಿಮ್ಮ ಮಂಡಿ ಸರಿಯಾಗಿ ಕಾಣ್ತದೆ.” ಕಂಪ್ಯೂಟರಿನಲ್ಲಿ ಆ ಮಂಡಿಯನ್ನು ದೊಡ್ಡದು ಮಾಡಿ ಮಾಡಿ ಎಷ್ಟು ಸಲ ನೋಡಿದ್ದೇನೆ ಎಂದು ಅವರು ಹೇಳಲಿಲ್ಲ. “ಕಾಲು ಹೇಗುಂಟು ಈಗ? ಆಗ ನೋವು ಅಂದಿದ್ರಿ.”

“ಓ, ಅದಾ. ಬರ್ತದೆ, ಹೋಗ್ತದೆ.”

ಅಷ್ಟು ಹೇಳಿ ಉಮಾನಾಥರು ಜೇಬಿನಿಂದ ಬಾಚಣಿಗೆ ತೆಗೆದರು. ತಲೆಯಲ್ಲಿ ಕೂದಲು ಹೆಚ್ಚೇನೂ ಉಳಿದಿರಲಿಲ್ಲ.

“ಫೋಟೋ ಅಲ್ಲ ಸರ್,” ಎಂದರು ಟೀಚರ್. “ಬರೀ ಟೇಪು.”

“ಇರಲಿ,” ಎಂದು ಅವರು ಬಾಚಿಕೊಂಡರು.

೬ (ಕೊನೆಯದು ಎಂದು ನಾನು ಅಂದುಕೊಂಡದ್ದು)

ಟೀಚರ್ ಬಂಡೆಯ ಬುಡದಲ್ಲಿ ಮಂಡಿಯೂರಿದರು. ಟೇಪಿನ ಒಂದು ತುದಿಯನ್ನು ಉಮಾನಾಥರು ಬಾಗಿ ಮಂಡಿಯ ಹತ್ತಿರ ಹಿಡಿದುಕೊಂಡರು, ಇನ್ನೊಂದು ತುದಿಯನ್ನು ಟೀಚರ್ ಹಿಮ್ಮಡಿಯ ಪಕ್ಕ ಒತ್ತಿದರು. ಐಸ್‌ಕ್ಯಾಂಡಿ ತಿನ್ನುವವರೆಲ್ಲ ಇವರನ್ನೇ ನೋಡುತ್ತಿದ್ದರು. ನೋಡಲಿ.

ಈಗ ಓದುಗರೇ, ನಿಮಗೆ ಬೇಕಾದ ಉತ್ತರ ಒಂದು ಗೇಣಿನ ದೂರದಲ್ಲಿದೆ. ಉಮಾನಾಥರು ಪ್ಯಾಂಟು ಹಾಕಿದ್ದಾರೆ. ‘ಸ್ವಲ್ಪ ಮೇಲೆ ಮಡಚಿ ಸರ್, ಅಳತೆ ಸರಿ ಬರ್ತದೆ’ ಎಂದು ಟೀಚರ್ ಹೇಳಬಹುದು. ತಪ್ಪೇನಿಲ್ಲ, ಶಾಸ್ತ್ರೋಕ್ತವೇ.

ಮಂಡಿಯ ಮೇಲೆ ಆಪರೇಷನ್ನಿನ ಗಾಯದ ಗುರುತು ಇದ್ದರೆ ನೋವು ನಿಜ. ಉಮಾನಾಥರಿಗೆ ಬೇಜಾರೇ ಆಗಿರಲಿಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಇಷ್ಟೆಲ್ಲ ಭಾನುವಾರಗಳು ಸುಮ್ಮಸುಮ್ಮನೆ ಹೋದವು. ಗುರುತು ಇಲ್ಲದಿದ್ದರೆ ಅವರಿಗೆ ನೋವಾದದ್ದು ಕಾಲಿನಲ್ಲಿ ಅಲ್ಲ.

ನಾನು ಎರಡನ್ನೂ ಬರೆದು ನೋಡಿದೆ. ಮೊದಲನೆಯದರಲ್ಲಿ ಟೀಚರ್ ಅಲ್ಲೇ ಬಂಡೆಯ ಬುಡದಲ್ಲಿ ಅತ್ತರು. ಎರಡನೆಯದರಲ್ಲೂ ಅತ್ತರು. ಯಾವುದನ್ನು ಇಡಲಿ ಎಂದು ಅವರನ್ನೇ ಕೇಳಿದೆ.

“ನೀವು ಸ್ವಲ್ಪ ಆಚೆ ಹೋಗಿ,” ಎಂದರು.

ಪ್ಯಾಂಟಿನ ಬಟ್ಟೆಯ ಮೇಲಿನಿಂದಲೇ ಟೇಪನ್ನು ಬಿಗಿ ಮಾಡಿದರು. ಒಂದು ಬೆರಳು ಹೆಚ್ಚುಕಮ್ಮಿ ಬರಬಹುದು. ಬರಲಿ.

ಅಂಕಿ ಅವರಿಗೆ ಆಗಲೇ ಕಂಡಿದೆ. ಹೇಳಿಲ್ಲ. ಎಷ್ಟು ಎಂದು ಉಮಾನಾಥರೂ ಕೇಳಿಲ್ಲ. ಬ್ಯಾಗಿನೊಳಗೆ ಫೋನು ಬಡಿದುಕೊಳ್ಳುತ್ತಿದೆ, ಮೋಕ್ಷಾಳದ್ದೇ ಇರಬೇಕು. ಡೈಕಿನ ಅಗಲದ ಜಾಗವನ್ನು ನಾನೂ ಖಾಲಿಯೇ ಬಿಟ್ಟಿದ್ದೇನೆ, ನಕ್ಷೆಯಲ್ಲೂ ಇಲ್ಲೂ. ಫೋಟೋದ ಕೆಳಗೆ ಈ ಸಲ ಯಾರ ಹೆಸರು ಬರುತ್ತದೆ, ಬರುತ್ತದೋ ಇಲ್ಲವೋ, ಅದನ್ನೂ ಬರೆಯುವುದಿಲ್ಲ. ಮುಗಿಸಿ ಎಂದು ನೀವು ಹೇಳುತ್ತಿರುವುದು ಕೇಳಿಸುತ್ತಿದೆ. ಟೇಪಿನ ಎರಡೂ ತುದಿಯಲ್ಲಿ ಕೈ ಇರುವಾಗ ಹೇಗೆ ಮುಗಿಸಲಿ, ಹೇಳಿ?

“ಆಯ್ತಾ ಟೀಚರ್?” ಎಂದು ಉಮಾನಾಥರು ಬಾಗಿದಲ್ಲಿಂದಲೇ ಕೇಳಿದರು.

“ಇಲ್ಲ,” ಎಂದರು ಪ್ರೆಸಿಲ್ಲಾ ಟೀಚರ್, ಮುಖ ಎತ್ತದೆ. “ಹಾಗೇ ನಿಲ್ಲಿ ಸರ್. ಅಲ್ಲಾಡಬೇಡಿ.”