ಮಣಿಕಟ್ಟಿನ ಗುರುತು

ತಂಗಿ ತೀರಿಕೊಂಡ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೆಲಸ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ. ರೋಗಿಗಳಿಗೆ "ಉಸಿರು ಬಿಗಿಹಿಡೀರಿ" ಎಂದು ಹೇಳಿ, "ಬಿಡಿ" ಎನ್ನುವುದನ್ನು ಮರೆತು ನಿಂತುಬಿಡುತ್ತಿದ್ದಳು. ಒಂದು ದಿನ ಮುದುಕರೊಬ್ಬರು, "ಉಸಿರು ಬಿಡ್ಬಹುದೇನಮ್ಮಾ, ಇಲ್ಲಾ ಹೀಗೇ ಹೊರಟುಬಿಡ್ಲಾ?" ಎಂದು ಕೇಳಿದರು. ಮನೆಯಲ್ಲಿ ಅವಳ ಬಾಯಿಂದ ಅದನ್ನು ಕೇಳಿದ ಗಂಡ ಗೋಗರೆದು ಅವಳನ್ನು ಆಪ್ತ ಸಮಾಲೋಚಕಿಯ ಬಳಿ ಕಳಿಸಿದ.

ಗಂಡ ಹಳೇ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವವನು. ಮಾತು ಕಡಿಮೆ.

ತಂಗಿಯ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದಾಗ ಅವಳ ಕುರ್ತಾದ ತೋಳು ಮೇಲೆ ಸರಿಯಿತು. ಸಮಾಲೋಚಕಿಯ ಕಣ್ಣು ಮಣಿಕಟ್ಟಿನ ಮೇಲೆ ನಿಂತಿತು. "ಇದೇನು ಗುರುತು?"

ಸುಳ್ಳು ಹೇಳುವುದಾದರೆ ಇಲ್ಲಿಗೆ ಬರುವುದೇಕೆ ಎಂದುಕೊಂಡು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಮ್ಮನೆಯವರು ಹಾಸಿಗೇಲಿ ನನ್ನ ಕೈನ ಹಗ್ಗದಲ್ಲಿ ಕಟ್ತಾರೆ. ನನಗೆ ಇಷ್ಟ, ನಾನೇ ಕೇಳಿದ್ದು. ಏನು ಮಾಡ್ಬಹುದು, ಏನು ಕೂಡದು ಅಂತ ಮೊದಲೇ ಮಾತಾಡ್ಕೊಂಡಿರ್ತೀವಿ. 'ಛತ್ರಿ' ಅಂದ್ರೆ ಸಾಕು, ತಕ್ಷಣ ಬಿಚ್ಚಿಬಿಡ್ತಾರೆ."

"ಛತ್ರಿ?"

"ಆ ಹೊತ್ತಲ್ಲಿ ಬಾಯ್ತಪ್ಪಿಯೂ ಬರೋ ಮಾತಲ್ವಲ್ಲ, ಅದಕ್ಕೆ." ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು.

ಸಮಾಲೋಚಕಿ ನಗಲಿಲ್ಲ. "ಹೀಗೆ ಹೇಳು ಅಂತ ನಿಮಗೆ ಯಾರು ಹೇಳಿಕೊಟ್ರು?"

ಅಲ್ಲಿಂದ ಮುಂದೆ ತಂಗಿಯ ಮಾತೇ ಬರಲಿಲ್ಲ. ಅವಳು ತಂಗಿ ಎಂದರೆ ಆಕೆ ಗಂಡ ಎನ್ನುವಳು. "ಚಿಕ್ಕವರಿದ್ದಾಗ ಯಾರಾದ್ರೂ ನಿಮಗೆ ಏನಾದ್ರೂ ಮಾಡಿದ್ರಾ?"

"ಇಲ್ಲ ಮೇಡಂ."

"ನೆನಪಿಲ್ದೇ ಇರಬಹುದು."

ಇನ್ನು ಬರುವುದಿಲ್ಲ ಎಂದು ಅವಳು ಹೇಳಿ ಎದ್ದು ಬಂದಳು. ತುರ್ತಿಗೆಂದು ಅವಳು ಕೊಟ್ಟಿದ್ದ ಅಣ್ಣನ ನಂಬರಿಗೆ ಸಮಾಲೋಚಕಿ ಫೋನ್ ಮಾಡಿದಳು.

ಭಾನುವಾರ ಬೆಳಿಗ್ಗೆ ಅಣ್ಣ ಬಂದ. ಗಂಡ ಮುಂದಿನ ಕೋಣೆಯಲ್ಲಿ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕುರ್ಚಿಗೆ ಬಟ್ಟೆ ಬಿಗಿಯುತ್ತಿದ್ದ. ಬನ್ನಿ ಭಾವ ಎಂದು ತಲೆಯಾಡಿಸುವಷ್ಟರಲ್ಲಿ ಕೆನ್ನೆಗೆ ಏಟು ಬಿತ್ತು. ಮೊಳೆಗಳು ತುಟಿ ಹರಿದವು. ಗಲ್ಲದ ಮೇಲಿಂದ ರಕ್ತ ಹೊಸ ಬಟ್ಟೆಯ ಮೇಲೆ ಇಳಿಯಿತು.

"ನನ್ನ ತಂಗೀನ ದನ ಅಂದ್ಕೊಂಡಿದೀಯೇನೋ, ಕಟ್ಟಿಹಾಕೋಕೆ?"

ಅವಳು ನಡುವೆ ಬಂದು ನಿಂತಳು. "ಅಣ್ಣಾ, ನಾನೇ ಹೇಳಿದ್ದು ಅವರಿಗೆ. ನನ್ನ ಮಾತು ಕೇಳು."

"ನೀನು ಅವನ ಪರವಾಗೇ ಮಾತಾಡ್ತೀಯ ಅಂತ ಆ ಮೇಡಂ ಮೊದಲೇ ಹೇಳಿದಾರೆ."

ಆ ಮನೆಯಲ್ಲಿ ಒಬ್ಬರ ಮೈಮೇಲೆ ಒಪ್ಪಿಗೆಯಿಲ್ಲದೆ ಕೈ ಬಿದ್ದದ್ದು ಅದೇ ಮೊದಲು. ಅಣ್ಣ ಮತ್ತೆ ಹೊಸಿಲು ತುಳಿಯಲಿಲ್ಲ. ಗಂಡ ಹಗ್ಗವನ್ನು ತುಂಡುತುಂಡು ಮಾಡಿ ಕಸಕ್ಕೆ ಹಾಕಿದ. ತುಟಿಯ ಗಾಯ ಮಾಗಿದ ಮೇಲೆ ಒಮ್ಮೆ ಕೇಳಿದ, "ನಾನು ನಿಜವಾಗ್ಲೂ ಅಂಥವನೇನೇ?" ಅಲ್ಲ ಎಂದು ಎಷ್ಟು ಹೇಳಿದರೂ ಅದು ಅವನ ಕಿವಿಯೊಳಕ್ಕೆ ಇಳಿಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡ.

ಮುಂದಿನ ವರ್ಷ ಅವಳು ಇನ್ನೊಬ್ಬ ಸಮಾಲೋಚಕರ ಬಳಿ ಹೋದಳು. ವಯಸ್ಸಾದವರು. ಎಲ್ಲ ಕೇಳಿಸಿಕೊಂಡು, "ಆ ಹಗ್ಗದ ವಿಷಯ ನಿಮಗೆ ತೊಂದರೆ ಕೊಡ್ತಿತ್ತಾ?" ಎಂದರು.

"ಇಲ್ಲ."

"ಹಾಗಾದ್ರೆ ತಂಗಿ ವಿಷಯ ಹೇಳಿ."

ಅವಳು ಮಾತೇ ಹೊರಡದಂತೆ ಅತ್ತಳು.

ಆ ಹಿರಿಯರು ಸಮಾಲೋಚಕರಿಗೆ ಇಂಥ ವಿಷಯಗಳಲ್ಲಿ ತರಬೇತಿ ನಡೆಸುತ್ತಿದ್ದರು. ನೀವೇ ಬಂದು ಮಾತಾಡ್ತೀರಾ ಎಂದು ಕೇಳಿದಾಗ ಅವಳು ಒಪ್ಪಿದಳು. ಸಭಾಂಗಣದಲ್ಲಿ ನಿಂತು ನೋಡಿದರೆ, ಆ ಮೊದಲಿನ ಸಮಾಲೋಚಕಿ ಮುಂದೆಯೇ ಕುಳಿತಿದ್ದಾಳೆ. ಆದರೂ ಹೇಳಿದಳು: "ಬೇಡ ಅನ್ನೋಕೆ ಆಗುತ್ತಾ, ಬೇಡ ಅಂದ್ರೆ ನಿಲ್ಲುತ್ತಾ, ಆಮೇಲೆ ಮನಸ್ಸು ಹೇಗಿರುತ್ತೆ ಅಂತ ಕೇಳಿದ್ರೆ ಸಾಕಿತ್ತು. ಉತ್ತರ ಕೊಟ್ಟಾಗ ಅದನ್ನ ಕಿವಿಗೆ ಹಾಕ್ಕೋಬೇಕಿತ್ತು."

ಆಕೆ ಎದ್ದು ನಿಂತಳು. "ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ನಿಜವಾಗಿ ಏಟು ತಿನ್ನೋರೂ ಹೀಗೇ ಹೇಳ್ತಾರಲ್ಲ, ನನಗೆ ಹೇಗೆ ಗೊತ್ತಾಗ್ಬೇಕು?"

"ಅದನ್ನ ತಿಳ್ಕೊಳ್ಳೋದೇ ನಿಮ್ಮ ಕೆಲಸ ಅಲ್ವಾ? ನಮ್ಮನೆಯವರು ನಿಜವಾಗ್ಲೂ ಹೊಡೆಯೋರಾಗಿದ್ದಿದ್ರೆ, ನೀವು ಮಾಡಿದ ಆ ಒಂದು ಫೋನಿಗೆ ನನ್ನನ್ನ ಕೊಂದೇಬಿಡ್ತಿದ್ರು ಮೇಡಂ."

ಸಮಾಲೋಚಕಿ ಕುಸಿದು ಕುಳಿತು ಬಿಕ್ಕತೊಡಗಿದಳು. ಸುತ್ತಲಿನವರೆಲ್ಲ ಎದ್ದು ಬಂದರು. ಒಬ್ಬರು ಬೆನ್ನು ಸವರಿದರು, ಇನ್ನೊಬ್ಬರು ನೀರು ತಂದರು. "ನಿಮ್ಮ ತಪ್ಪಿಲ್ಲ ಬಿಡಿ, ಯಾರಿಗಾದ್ರೂ ಹಾಗೇ ಅನ್ಸೋದು," ಎಂದು ಯಾರೋ ಹೇಳಿದರು. ಹಿರಿಯರು ಗುಂಪಿನಾಚೆಯಿಂದ ಹೋಗಬೇಡಿ ಎಂದು ಅವಳಿಗೆ ಕೈಸನ್ನೆ ಮಾಡುತ್ತಲೇ ಇದ್ದರು. ಅವಳು ಮೈಕನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ಮನೆಯಲ್ಲಿ ಗಂಡ ಸೀಮೆಸುಣ್ಣದಲ್ಲಿ ಬಟ್ಟೆಗೆ ಗೆರೆ ಎಳೆಯುತ್ತಿದ್ದ. "ಹೇಗಾಯ್ತು?"

"ಟೀ ಚೆನ್ನಾಗಿತ್ತು."

ಅವನು ನಕ್ಕ. ಆ ನಗು ನೋಡಿ ಅವಳಿಗೆ ಆಸೆ ಹುಟ್ಟಿತು. ಪಕ್ಕದಲ್ಲಿ ಕುಳಿತು ಅವನ ಭುಜಕ್ಕೆ ತಲೆಯಿಟ್ಟಳು. ಅವನು ಕೈಗಳನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಅತ್ತ ಸರಿದ.

"ಬಾಗಿಲು ತೆಗೆದಿದೆ ಕಣೇ," ಎಂದ.

ಬಾಗಿಲು ಹಾಕಿಯೇ ಇತ್ತು.