ಮೀಯಿಸಿದವನಿಗೆ ಕೋಟು

ಹೆಣ ಮೀಯಿಸಿದ ನಾಲ್ವರೂ ಒದ್ದೆ ಕೈ ಒರೆಸಿಕೊಳ್ಳುತ್ತ ಡೇರೆಯ ಪರದೆಯಾಚೆಯಿಂದ ಬಂದರು. ಬುರುಲ್ ಎದ್ದು ಗಂಡನ ಬಟ್ಟೆಗಳನ್ನು ಒಂದೊಂದಾಗಿ ಅವರ ಕೈಗಿಟ್ಟಳು. ಮೀಯಿಸಿದವರಿಗೆ ಸತ್ತವನ ಬಟ್ಟೆ. ಅಜ್ಜಂದಿರ ಕಾಲದ ಕಟ್ಟಳೆ. ಒಬ್ಬನಿಗೆ ನರಿಚರ್ಮದ ಟೋಪಿ, ಒಬ್ಬನಿಗೆ ಬೂಟು, ಒಬ್ಬನಿಗೆ ಹೊಸ ಅಂಗಿ.

ನಾಲ್ಕನೆಯವನು ಜಿಲ್ಲಾ ಕಚೇರಿಯ ಕೆಂಜೆಬೆಕ್. ಅಷ್ಟು ದೊಡ್ಡ ಅಧಿಕಾರಿ ತೋಳು ಮಡಚಿ ಹೆಣ ತೊಳೆದನೆಂದು ಊರೆಲ್ಲ ಹೊಗಳುತ್ತಿತ್ತು.

"ನನಗೆ ಆ ಹಳೇ ಕೋಟು ಸಾಕು ಅತ್ತಿಗೆ," ಅಂದ. "ಸಾಪಾರಣ್ಣನ ನೆನಪಿಗೆ."

ಕೊಟ್ಟಳು. ಅವನು ಅಲ್ಲೇ ತೊಟ್ಟು, ಎದೆಯ ಎಡಗಡೆ ಒಮ್ಮೆ ಮುಟ್ಟಿ ನೋಡಿಕೊಂಡು ಹೊರಟ. ಆ ಮುಟ್ಟಿದ ರೀತಿ ಕಂಡಮೇಲೆ ಅವಳಿಗೆ ನೆನಪಾಯಿತು. ಒಳಜೇಬು. ಅದನ್ನು ಹೊಲಿದುಕೊಟ್ಟವಳು ಅವಳೇ.

*

ಆ ಜೇಬಿನಲ್ಲಿದ್ದದ್ದು ಒಂದು ದುಂಡು ಮೊಹರು. ಸಾಪಾರ್ ಜಿಲ್ಲೆಯ ಪಶುವೈದ್ಯ. ದೇಶ ನೆರೆಹೊರೆಯ ಆರ್ಥಿಕ ಒಕ್ಕೂಟ ಸೇರಬೇಕಾದರೆ ಗಡಿಯಲ್ಲಿ ಕುರಿಗಳ ರಕ್ತ ಪರೀಕ್ಷಿಸುವ ಪ್ರಯೋಗಾಲಯ ಬೇಕಿತ್ತು. ಕಟ್ಟಡ ಎದ್ದಿತು, ಬಿಳಿ ಬಣ್ಣ ಬಳಿದರು, ಕಿರ್ಗಿಜ್, ರಷ್ಯನ್, ಇಂಗ್ಲಿಷಿನಲ್ಲಿ ಫಲಕ ತೂಗಿತು. ಯಂತ್ರದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇಟ್ಟಿಗೆ. ಯಂತ್ರ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೆಂಜೆಬೆಕ್‌ನ ಹೊಸ ಮಹಡಿ ಎಲ್ಲರ ಅಂಗಳಕ್ಕೂ ಕಾಣುತ್ತಿತ್ತು.

ಹೋದ ವರ್ಷ ಅವನು ಮನೆಗೇ ಬಂದು ಚಹಾದ ಬಟ್ಟಲು ಹಿಡಿದು ಕೂತಿದ್ದ.

"ಒಕ್ಕೂಟದ ಬೀಗರು ಬರೋ ಹೊತ್ತು ಅಣ್ಣಾ. ಗೋಡೆಗೆ ಬಣ್ಣ ಆಯ್ತು. ಎಲ್ಲ ಸಿದ್ಧ ಅನ್ನೋ ಕಾಗದಕ್ಕೆ ನೀವೊಂದು ಮೊಹರು ಒತ್ತಿಬಿಡಿ, ಯಂತ್ರ ಆಮೇಲೆ ತಾನಾಗಿ ಬರತ್ತೆ."

"ಬೀಗರು ಗೋಡೆ ನೆಕ್ಕಿ ಹೋಗ್ತಾರೇನೋ? ಊಟಕ್ಕೆ ಕೂರ್ತಾರೆ. ಪಾತ್ರೆ ಖಾಲಿ."

"ಊರಿಗೂರೇ ಕುರಿ ಮಾರೋಕೆ ಕಾಯ್ತಿದೆ. ನಿಮ್ಮಿಂದ ತಡ."

"ರೋಗದ ಕುರಿಗೆ ಮರಿ ಹಾಕಿಸಿದ ನಮ್ಮೋರೇ ಜ್ವರ ಹಿಡಿದು ಮಲಗಿದಾರೆ. ಅದನ್ನ ಮಾರಿ ಇನ್ನೊಬ್ಬರ ಮನೇಲೂ ಮಲಗಿಸ್ಬೇಕಾ?"

ಅವನು ಹೋದ ಮೇಲೆ ಸಾಪಾರ್ ಮೊಹರನ್ನು ಅಂಗೈಲಿಟ್ಟು ತೋರಿಸಿದ. "ಸಹಿ ಯಾವನು ಬೇಕಾದ್ರೂ ಗೀಚ್ತಾನೆ. ಇದು ಇರೋದು ಒಂದೇ." ಅದರ ಶಾಯಿ ಬೇಗ ಒಣಗುತ್ತಿತ್ತು. ಒತ್ತುವ ಮುಂಚೆ ಬಾಯಿಯ ಹತ್ತಿರ ಹಿಡಿದು ಬಿಸಿಯುಸಿರು ಬಿಡುತ್ತಿದ್ದ. "ಉಸಿರು ಕೊಟ್ರೇನೇ ಇದು ಬೀಳೋದು."

ಈ ಸೋಮವಾರ ಒಕ್ಕೂಟದ ಪರೀಕ್ಷಕರು ರಾಜಧಾನಿಗೆ ಬರುವವರಿದ್ದರು. ಶುಕ್ರವಾರ ಸಾಪಾರನ ಎದೆಬಡಿತ ನಿಂತಿತು.

*

"ಅಕ್ಕಾ, ಆ ಕೋಟು ವಾಪಸ್ ಬೇಕು," ಬುರುಲ್ ಗಂಡನ ಅಕ್ಕ ಝಿಪಾರಳ ತೋಳು ಹಿಡಿದಳು. "ಜೇಬಲ್ಲಿ ಮೊಹರಿದೆ."

"ಹುಚ್ಚೇನೇ? ಕೊಟ್ಟ ಬಟ್ಟೆ ತಿರುಗಿ ಕೇಳಿದ್ರೆ ಸತ್ತವನ ದಾರಿಗೆ ಮುಳ್ಳು. ಕೂತ್ಕೊ, ಗೋಡೆ ಕಡೆ ತಿರುಗು. ಜನ ಬರ್ತಿದಾರೆ, ಹಾಡು."

ಗಂಡ ಸತ್ತವಳು ಡೇರೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಉಳಿದದ್ದು ಶೋಕದ ಹಾಡೊಂದೇ. ಅದರಲ್ಲಿ ಏನು ಬೇಕಾದರೂ ಹೇಳಬಹುದು. ಅವಳು ದನಿಯೆತ್ತಿದಳು.

"ಪೆಟ್ಟಿಗೆಯೊಳಗೆ ಇಟ್ಟಿಗೆ ಕಂಡವನೇ,
ಒತ್ತಲಾರೆನೆಂದು ಮುಷ್ಟಿ ಮುಚ್ಚಿದವನೇ,
ನಿನ್ನ ಮೀಯಿಸಿದ ಕೈ ನಿನ್ನ ಮೊಹರ ಕದ್ದಿತು,
ಹಿಡಿಯಿರೋ, ಕೋಟು ತೊಟ್ಟವನ ಹಿಡಿಯಿರೋ."

ಹೆಂಗಸರು ಬಿಕ್ಕಿದರು. ಹೊರಗೆ ಕೋಲೂರಿ ಅಳುತ್ತಿದ್ದ ಗಂಡಸರಲ್ಲಿ ಒಬ್ಬ ಮುದುಕ ಪಕ್ಕದವನ ಕಿವಿಯಲ್ಲಿ, "ಏನು ಕಂಠ ಮಾರಾಯ. ಇಂಥ ಹಾಡು ಕೇಳಿ ಎಷ್ಟು ವರ್ಷ ಆಯ್ತು," ಅಂದ.

"ಅವಳಮ್ಮನೂ ಹಿಂಗೇ ಹಾಡ್ತಿದ್ಲು. ಸಾವಿನೂಟದ ಕುದುರೆ ಮಾಂಸ ಬೆಂತಾ ನೋಡು."

ಮತ್ತೆ ಹಾಡಿದಳು, ಹೆಸರು ಹಿಡಿದೇ ಹಾಡಿದಳು. ಝಿಪಾರ್ ಅವಳಿಗಿಂತ ಜೋರಾಗಿ ಅತ್ತು ಆ ಹೆಸರನ್ನು ಮುಳುಗಿಸಿಬಿಟ್ಟಳು.

ಹೆಣ ಹೊರಗೆ ಹೋಯಿತು. ಬುರುಲ್ ಡೇರೆಯ ಉಣ್ಣೆಗೋಡೆಯ ಅಂಚನ್ನೆತ್ತಿ ಬಿದಿರುತಟ್ಟಿಯಂಥ ಚೌಕಟ್ಟಿನ ಸಂದಿಯಿಂದ ನೋಡಿದಳು. ಪ್ರಾರ್ಥನೆ ಮುಗಿಸಿದ ಮೌಲ್ವಿ ಜನದತ್ತ ತಿರುಗಿ, ಎಲ್ಲರ ಸಾವಿನಲ್ಲೂ ಕೇಳುವುದನ್ನೇ ಕೇಳಿದ.

"ಹೇಳಿ, ಈತ ಎಂಥ ಮನುಷ್ಯನಾಗಿದ್ದ?"

"ಒಳ್ಳೆ ಮನುಷ್ಯ," ಮೊದಲು ಕೇಳಿಸಿದ್ದು ಕೆಂಜೆಬೆಕ್‌ನ ದನಿ. ಹಿಂದಿನಿಂದ ಊರು ಅಂದಿತು, "ಒಳ್ಳೆ ಮನುಷ್ಯ."

ಗಂಡಸರು ಹೆಣ ಹೊತ್ತು ದಿಬ್ಬದ ಕಡೆ ನಡೆದರು. ಒಬ್ಬ ಮಾತ್ರ ಜೀಪಿನ ಬಳಿ ಹಿಂದುಳಿದ. ಬಾನೆಟ್ಟಿನ ಮೇಲೆ ಕಾಗದ ಹಾಸಿ ಒತ್ತಿದ, ಎತ್ತಿ ನೋಡಿದ. ಬಿದ್ದಿರಲಿಲ್ಲ. ಇನ್ನೊಮ್ಮೆ ಒತ್ತಿದ. ಇಲ್ಲ.

ಆಮೇಲೆ ಕೈಯನ್ನು ಬಾಯಿಯ ಹತ್ತಿರ ತಂದ. ಆ ಚಳಿಯಲ್ಲಿ, ಸಾಪಾರನ ಕೋಟಿನ ಕಾಲರಿನ ಮೇಲೆ, ಉಸಿರು ಬೆಳ್ಳಗೆ ಎದ್ದಿತು.